ವಿಷಯ: ‘ನಾಟ್ ಲಯಬಲ್’ – ಬೋರ್ಡಿಗೆ ಕನ್ನಡ ಬೇಕು, ನಾಳೆಯೊಳಗೆ

ಸಕಲೇಶಪುರದಿಂದ, ಸು.
ನಮಸ್ಕಾರ. ಹೆತ್ತೂರು ಕಡೆಯ ಹೋಂಸ್ಟೇಗೆ ಬೋರ್ಡು ಬರೆಸಬೇಕು. ಪೇಂಟರ್ ನಾಳೆ ಸಂಜೆ ಬರುತ್ತಾರೆ. ಹಳ್ಳಕ್ಕಿಳಿಯುವ ಕಲ್ಲುಮೆಟ್ಟಿಲ ಬಳಿ ನಿಲ್ಲಿಸುವ ತಗಡು, ನಾಲ್ಕಡಿಗೆ ಮೂರಡಿ. ‘ಯಾವುದೇ ಗಾಯಕ್ಕೆ ಮ್ಯಾನೇಜ್‌ಮೆಂಟ್ ಲಯಬಲ್ ಅಲ್ಲ’ ಎಂದು ಬರೆಯಿರಿ ಅಂತ ಮಾಲೀಕರು ಹೇಳಿದ್ದಾರೆ. ‘ಬಾಧ್ಯಸ್ಥರಲ್ಲ’ ಎಂದರೆ ಬಂದವರಿಗೆ ತಿಳಿಯುವುದಿಲ್ಲ. ‘ಜವಾಬ್ದಾರರಲ್ಲ’ ಚಪ್ಪಲಿ ಬಿಡುವ ಜಾಗದ ಬೋರ್ಡಿನ ಹಾಗಾಗುತ್ತದೆ. ‘ಹೊಣೆ’ ಸಾಕೋ, ‘ಹೊಣೆಗಾರಿಕೆ’ ಬೇಕೋ?

ಹಾಸನದಿಂದ, ಕೆ.
ಹೊಣೆ. ಚರ್ಚಿಸಲು ಏನೂ ಇಲ್ಲ. ಹಳಗನ್ನಡದಲ್ಲಿ ಪೊಣೆ, ತಮಿಳಿನಲ್ಲಿ ಪುಣೈ. ಎರಡಕ್ಕೂ ಜಾಮೀನು ಎಂಬ ಅರ್ಥವುಂಟು. ಇನ್ನೊಬ್ಬನ ಸಾಲಕ್ಕೆ ಹೊಣೆ ನಿಂತವನು, ಅವನು ಕೊಡದಿದ್ದರೆ ತಾನು ಕೊಡಬೇಕು. ಗಂಟಿನಿಂದ ದುಡ್ಡು ಬಿಚ್ಚಬೇಕೆಂಬುದು ಆ ಪದದೊಳಗೇ ಇದೆ. ಜವಾಬ್ದಾರಿಯಾದರೆ ಜವಾಬು ಕೊಡುವಲ್ಲಿಗೆ ಮುಗಿಯಿತು. ನಮ್ಮದೇ ಪದ ಇರುವಾಗ ಅರಬ್ಬಿ-ಪಾರಸಿ ಎರವಲು ಯಾಕೆ? ‘ಗಾರಿಕೆ’ಯ ಬಾಲವೂ ಬೇಡ.

ಚಿಕ್ಕಮಗಳೂರಿನಿಂದ, ವಿ.
ಜವಾಬಿಗೆ ಮುಗಿಯಿತು ಎನ್ನುವುದು ಬುಡವಿಲ್ಲದ ಮಾತು. ಯಾವುದಾದರೂ ಸಹಕಾರ ಸಂಘದ ವಾರ್ಷಿಕ ವರದಿ ತೆಗೆಯಿರಿ, ‘ಆಸ್ತಿ–ಜವಾಬ್ದಾರಿ ತಃಖ್ತೆ’ (ಬ್ಯಾಲೆನ್ಸ್ ಶೀಟ್) ಸಿಗುತ್ತದೆ. ತೀರಿಸಬೇಕಾದ ಠೇವಣಿ, ತಂದ ಸಾಲ, ಎಲ್ಲವೂ ಜವಾಬ್ದಾರಿಯ ಕಡೆಗೇ.

ಸು. ಅವರೇ, ಪದ ಯಾವುದಾದರೂ ಇರಲಿ, ಆ ವಾಕ್ಯವೇ ಕೆಲಸಕ್ಕೆ ಬಾರದು. ಗ್ರಾಹಕರ ಸಂರಕ್ಷಣಾ ಅಧಿನಿಯಮ 2019ರ ಕಲಂ 2(11) ಪ್ರಕಾರ ನಿರ್ಲಕ್ಷ್ಯದಿಂದ ಗ್ರಾಹಕನಿಗಾದ ಹಾನಿಯೂ ಸೇವಾ ನ್ಯೂನತೆಯೇ. ತಗಡಿನ ಮೇಲೆ ಬರೆದು ಅದನ್ನು ತೊಳೆದುಕೊಳ್ಳಲು ಬರುವುದಿಲ್ಲ. ದೆಹಲಿಯ ಹೋಟೆಲೊಂದರಲ್ಲಿ ನಿಲ್ಲಿಸಲು ಕೊಟ್ಟ ಕಾರು ಕಳುವಾದಾಗ ಚೀಟಿಯಲ್ಲಿ ‘ಕಾರಿನ ಮಾಲೀಕರದ್ದೇ ಹೊಣೆ’ ಎಂದಿತ್ತು. ಹೋಟೆಲಿನವರದ್ದೇ ನಿರ್ಲಕ್ಷ್ಯವಿದ್ದರೆ ಆ ಚೀಟಿ ಅವರನ್ನು ಕಾಪಾಡದು ಎಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿತು. ಅದು ವಾಹನದ ವಿಷಯ, ನಿಜ. ಮೈಗಾದ ಗಾಯಕ್ಕೆ ಸಡಿಲ ಸಿಗುತ್ತದೆಂದು ನಂಬಬೇಡಿ. ಇನ್ನು, ಷರತ್ತು ದುಡ್ಡು ಕಟ್ಟುವ ಮೊದಲೇ ಕಾಣಬೇಕು. ಹೋಟೆಲ್ ಕೋಣೆಯೊಳಗೆ ಅಂಟಿಸಿದ್ದು ಕರಾರಿನ ಭಾಗವಲ್ಲ ಎಂದು ಇಂಗ್ಲೆಂಡಿನಲ್ಲಿ 1949ರಲ್ಲೇ ತೀರ್ಪಾಗಿದೆ. ನಿಮ್ಮ ಬೋರ್ಡೋ ಹಳ್ಳದ ದಂಡೆಯಲ್ಲಿದೆ.

ಉಪಯೋಗಕ್ಕೆ ಬರುವುದು ಎಚ್ಚರಿಕೆ. ಮೆಟ್ಟಿಲ ಮೇಲ್ತುದಿಯಲ್ಲಿ ನಿಲ್ಲಿಸಿ, ಇಳಿದ ಮೇಲೆ ಓದಿ ಫಲವಿಲ್ಲ. ಎಲ್ಲಿ ಪಾಚಿ, ಎಷ್ಟಡಿ ಆಳ, ಯಾವಾಗ ಇಳಿಯಬಾರದು, ಇಷ್ಟು ಬರೆಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಕಲ್ಲನ್ನು ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸುತ್ತಿರಬೇಕು, ಒಂದು ಬದಿಗಾದರೂ ಕಂಬಿ ಬೇಕು. ಕಂಬಿಯಿಲ್ಲದೆ ಬೋರ್ಡು ಮಾತ್ರ ಇದ್ದರೆ, ಅಪಾಯ ಗೊತ್ತಿದ್ದೂ ಸುಮ್ಮನಿದ್ದರು ಎಂಬುದಕ್ಕೆ ಅದೇ ಸಾಕ್ಷಿಯಾಗುತ್ತದೆ.

ಹಾಸನದಿಂದ, ಕೆ.
ಕೇಳಿದ್ದು ಪದ, ಕಾನೂನಲ್ಲ. ಜಾರಿ ಬಿದ್ದದ್ದಕ್ಕೆಲ್ಲ ಕೇಸು ಹಾಕುವುದು ಅಮೆರಿಕದವರ ಚಟ. ಕಾಫಿ ಚೆಲ್ಲಿಕೊಂಡವರಿಗೆ ಕೋಟಿ ಕೊಟ್ಟ ದೇಶ ಅದು. ನಮ್ಮವರು ‘ಗೆದ್ದವ ಸೋತ, ಸೋತವ ಸತ್ತ’ ಎಂದು ತಿಳಿದೇ ಕೋರ್ಟು ಮೆಟ್ಟಿಲಿಂದ ದೂರ ಇರುತ್ತಾರೆ.

ಬೇಲೂರಿನಿಂದ, ಮ.
ಆ ಕಾಫಿ ಕೇಸನ್ನು ಅರ್ಧ ಹೇಳಬೇಡಿ. 1992ರಲ್ಲಿ ಸುಟ್ಟುಕೊಂಡಾಕೆಗೆ 79 ವರ್ಷ. ಕಾಫಿ ಮಾರಿದ ಮೆಕ್‌ಡೊನಾಲ್ಡ್ಸ್ ಕಂಪನಿ ಅದನ್ನು 82ರಿಂದ 88 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತಿತ್ತು. ಚರ್ಮ ಕಸಿ ಮಾಡಬೇಕಾದಷ್ಟು ಸುಟ್ಟಿತು. ಸುಟ್ಟುಕೊಂಡವರ ದೂರುಗಳು ಅದಕ್ಕೆ ಮೊದಲೇ 700ಕ್ಕೂ ಹೆಚ್ಚು ಬಂದಿದ್ದವು. ಆಕೆ ಕೇಳಿದ್ದು 20,000 ಡಾಲರ್, ಕಂಪನಿ ಕೊಡಲು ಒಪ್ಪಿದ್ದು 800. ಜ್ಯೂರಿ ತಪ್ಪಿನಲ್ಲಿ ಶೇಕಡಾ 20 ಪಾಲು ಆಕೆಯದೆಂದು ಹಿಡಿದು, ಕೊಡಬೇಕಾದ ಮೊತ್ತದಲ್ಲಿ ಅಷ್ಟನ್ನು ಕಳೆಯಿತು. ದಂಡವೆಂದು ಹಾಕಿದ 27 ಲಕ್ಷ ಡಾಲರನ್ನು ನ್ಯಾಯಾಧೀಶರು 4,80,000ಕ್ಕೆ ಇಳಿಸಿದರು. ಜನರ ಬಾಯಲ್ಲಿ ಉಳಿದದ್ದು ದೊಡ್ಡ ಮೊತ್ತ ಮಾತ್ರ.

ಕೇಸು ಹಾಕಿದವರನ್ನು ದುರಾಸೆಯವರೆಂದು ನೋಡಲು ನಮ್ಮಲ್ಲಿ ‘ಪರಿಹಾರ’ ಎಂಬ ಪದವೂ ಒಂದು ಕಾರಣ. ಆನೆ ತುಳಿದಾಗ ಸರ್ಕಾರ ಕೊಡುವುದೂ ಪರಿಹಾರ, ತಪ್ಪು ಮಾಡಿದವನು ಕಟ್ಟಬೇಕಾದದ್ದೂ ಪರಿಹಾರ. ಹಾಗಾಗಿ ಹಕ್ಕಿನಿಂದ ಕೇಳಿದರೂ ಕೈಚಾಚಿದಂತೆ ಕಾಣುತ್ತದೆ. ಎರಡನೆಯದಕ್ಕೆ ‘ನಷ್ಟ ತುಂಬಿಕೊಡುವುದು’ ಎಂದೇ ಬಳಸೋಣ.

ಹಾಸನದಿಂದ, ಕೆ.
‘ನಷ್ಟ’ ಸಂಸ್ಕೃತ. ‘ಕಳೆದದ್ದು ತುಂಬಿಕೊಡು’ ಎನ್ನಿ.

ಚಿಕ್ಕಮಗಳೂರಿನಿಂದ, ವಿ.
ಹಾಗೆ ಜರಡಿ ಹಿಡಿದರೆ ದಾವೆ, ಫಿರ್ಯಾದಿ, ವಕೀಲ, ಕೋರ್ಟು ಯಾವುದೂ ಉಳಿಯದು. ನೂರಾರು ವರ್ಷ ರೈತ ಬಳಸಿದ ಮೇಲೆ ‘ದಾವೆ’ ಕನ್ನಡವೇ.

ಕೋರ್ಟು ದೂರ ಎಂಬುದೂ ಪೂರ್ತಿ ಸರಿಯಲ್ಲ. ಗ್ರಾಹಕ ಆಯೋಗಕ್ಕೆ ವಕೀಲರಿಲ್ಲದೆ ಹೋಗಬಹುದು. ದೂರಿನ ಶುಲ್ಕ, ಅತಿಥಿ ಕೊಟ್ಟ ಬಾಡಿಗೆಯ ಲೆಕ್ಕದಲ್ಲಿ; ಆ ಬಾಡಿಗೆ 5 ಲಕ್ಷದವರೆಗಿದ್ದರೆ ಏನೂ ಇಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ಬೆಂಗಳೂರಿನ ಅತಿಥಿ ಬೆಂಗಳೂರಿನಲ್ಲೇ ಹಾಕಬಹುದು, ಮಾಲೀಕರು ಅಲ್ಲಿಗೆ ಅಲೆಯಬೇಕು.

ಸಕಲೇಶಪುರದಿಂದ, ಸು.
ಮಾಲೀಕರು ಕಂಬಿ ಹಾಕಿಸಲು ಒಪ್ಪಿದ್ದಾರೆ. ಬೋರ್ಡಿಗೆ ಇದು: ‘ಎಚ್ಚರಿಕೆ. ಮೆಟ್ಟಿಲು ಪಾಚಿಗಟ್ಟಿ ಜಾರುತ್ತದೆ. ಕಂಬಿ ಹಿಡಿದು ಇಳಿಯಿರಿ. ಗುಂಡಿಯ ಆಳ 9 ಅಡಿ. ಮಳೆ ಬರುವಾಗ, ಸಂಜೆ 5ರ ನಂತರ ನೀರಿಗಿಳಿಯಲು ಅನುಮತಿ ಇರುವುದಿಲ್ಲ. ಈ ಸೂಚನೆ ಮೀರಿದರೆ ನೀವೇ ಹೊಣೆ.’

ಹಾಸನದಿಂದ, ಕೆ.
‘ಅನುಮತಿ ಇರುವುದಿಲ್ಲ’ ತೆಗೆಯಿರಿ. ‘ನೀರಿಗಿಳಿಯಬೇಡಿ’ ಸಾಕು, ಅಕ್ಷರವೂ ದಪ್ಪ ಬರೆಸಬಹುದು.