ಸಬ್‌ಫ್ಲೋರ್‌ಗೆ ಏನನ್ನೋಣ? ನೆಲ, ಹಾಸು, ಹಲಗೆ, ಕಾವು

ಎಲ್ಲರಿಗೂ ನಮಸ್ಕಾರ.

ನೇರವಾಗಿ ಪ್ರಶ್ನೆಗೇ ಬರುತ್ತೇನೆ. ಮರದ ಜಂತಿಗಳ ಮೇಲೆ ಹಲಗೆಯೋ ಪ್ಲೈವುಡ್ಡೋ ಬಡಿದು ಮಾಡಿದ ಕಚ್ಚಾ ನೆಲ ಇರುತ್ತದಲ್ಲ, ಮೇಲಿನ ಅಂದದ ಹಾಸು ಬರುವ ಮೊದಲು ಇರುವಂಥದ್ದು, ಅದನ್ನು ಇಂಗ್ಲಿಷಿನವರು ಸಬ್‌ಫ್ಲೋರ್ ಅನ್ನುತ್ತಾರೆ. ಅದಕ್ಕೆ ಕನ್ನಡದಲ್ಲಿ ಏನು ಹೇಳೋಣ? ಇದರ ಬೆನ್ನಿಗೆ ಇನ್ನೂ ಕೆಲವು ಪದ ಬಂದಿವೆ, ಅವನ್ನೂ ಕೇಳುತ್ತೇನೆ. ಆದರೆ ನಿದ್ದೆ ಕೆಡಿಸಿರುವುದು ಇದೊಂದೇ.

ಯಾಕೆ ಬೇಕು ಅಂದರೆ, ನಮ್ಮ ಕಾಕಾ ಕಲಬುರಗಿಯಲ್ಲಿ ಗೌಂಡಿ. ಜೀವನವೆಲ್ಲ ಶಹಾಬಾದ್ ಫರಸಿ ಕೂಡಿಸಿದವರು. ಅವರ ಮಗ ಇಂಗ್ಲೆಂಡಿನಲ್ಲಿ ಒಂದು ಹಳೇ ಮನೆ ತಗೊಂಡಿದ್ದಾನೆ. ಅದರ ಕೋಣೆಯಲ್ಲಿ ಲ್ಯಾಮಿನೇಟ್ ಅನ್ನುವ ಮರದಂಥ ಹಲಗೆ ಹಾಸಿ, ಅದರ ಕೆಳಗೆ ಕರೆಂಟಿನ ಹೀಟಿಂಗ್ ಹಾಕಬೇಕು ಅಂತ ಅವನ ಆಸೆ. ಕಾಕಾ ಈಗ ಅಲ್ಲಿಗೆ ಹೊರಟಿದ್ದಾರೆ, ಮತ್ತು ಮನೆಯಲ್ಲಿ ಕೆಲಸ ನಡೆಯುವಾಗ ಕೈಕಟ್ಟಿ ಕೂಡುವ ಆಳು ಅವರಲ್ಲ. ಅದಕ್ಕೆ ತಮ್ಮ ನನಗೆ ಆ ಹೀಟಿಂಗ್ ಹಾಕುವ ಕೈಪಿಡಿ ಕಳಿಸಿ, ಅಪ್ಪನಿಗೆ ಓದೋಕೆ ಕನ್ನಡ ಮಾಡಿಕೊಡು ಅಂದಿದ್ದಾನೆ. ಓದುವವರು ಒಬ್ಬರೇ. ಆದರೆ ಒಂದು ಪದ ಸರಿ ಇಲ್ಲ ಅಂದರೆ ಹಾಳೆ ಮಡಚಿ ಇಡುವ ಜಾತಿಯ ಓದುಗರು.

ಮೊದಲು ವಸ್ತು ಏನು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಚರ್ಚೆ ಎಲ್ಲೋ ಹೋಗುತ್ತದೆ. ಅಲ್ಲಿನ ಹಳೇ ಮನೆಗಳಲ್ಲಿ ತಳಮಹಡಿಯ ನೆಲವೂ ಮಣ್ಣಿನ ಮೇಲೆ ಕೂತಿರುವುದಿಲ್ಲ. ಗೋಡೆಯಿಂದ ಗೋಡೆಗೆ ಜಂತಿ ಹಾಯಿಸಿ, ಅದರ ಮೇಲೆ ಹಲಗೆ ಬಡಿದಿರುತ್ತಾರೆ. ಕೆಳಗೆ ಖಾಲಿ ಜಾಗ. ತೇವ ನಿಲ್ಲಬಾರದು ಅಂತ ಹೊರಗೋಡೆಯಲ್ಲಿ ತೂತಿನ ಇಟ್ಟಿಗೆ ಇಟ್ಟು ಗಾಳಿ ಆಡೋಕೆ ಬಿಟ್ಟಿರುತ್ತಾರೆ. ಆ ಹಲಗೆ ಅಲುಗಬಾರದು, ಕಿರ್ರನ್ನಬಾರದು, ಮಟ್ಟವಾಗಿರಬೇಕು. ಅದರ ಮೇಲೆ 6 ಮಿಲಿಮೀಟರಿನಷ್ಟು ದಪ್ಪದ, ಕಾವು ಕೆಳಗೆ ಇಳಿಯದಂತೆ ತಡೆಯುವ ಹಾಳೆ. ಅದರ ಮೇಲೆ ಅಲ್ಯೂಮಿನಿಯಂ ಫಾಯಿಲಿನೊಳಗೆ ತಂತಿ ಅಡಗಿಸಿದ ಚಾಪೆ, ಚದರ ಮೀಟರಿಗೆ ಸುಮಾರು 130ರಿಂದ 150 ವ್ಯಾಟ್ ಎಳೆಯುವಂಥದ್ದು. ಅದರ ಮೇಲೆ ಲ್ಯಾಮಿನೇಟ್. ಸಿಮೆಂಟು ಇಲ್ಲ, ನೀರು ಇಲ್ಲ, ಎಲ್ಲ ಒಣ ಕೆಲಸ. ಕಾಕಾಗೆ ನಂಬಿಕೆ ಬರದಿರುವುದು ಇಲ್ಲೇ. ನೀರು ಮುಟ್ಟದೆ ನೆಲ ಆಗುತ್ತದೆ ಅಂದರೆ ಅವರಿಗೆ ಅದು ಕೆಲಸವೇ ಅಲ್ಲ.

ಈಗ ಪದಕ್ಕೆ ಬರೋಣ.

ಸಬ್‌ಫ್ಲೋರ್‌ಗೆ ನಾನು ಮೊದಲು ಬರೆದದ್ದು ಕೆಳನೆಲ. ಕಾಕಾ ಅದನ್ನು ಕೆಳಗಿನ ಅಂತಸ್ತು ಅಂತ ಓದಿಕೊಂಡರು. ತಪ್ಪಿಲ್ಲ, ನಾನು ಓದಿದ್ದರೂ ಹಾಗೇ ಅನ್ನಿಸುತ್ತಿತ್ತು. ಗೆಳೆಯರೊಬ್ಬರು ನೆಲಗಟ್ಟು ಅಂದರು. ಕೇಳೋಕೆ ಚೆಂದ, ಆದರೆ ನೆಲಗಟ್ಟು ಅಂದ ಕೂಡಲೇ ಕಲ್ಲು, ಗಾರೆ, ಕೆಳಗೆ ಗಟ್ಟಿ ಮಣ್ಣು ಕಣ್ಣಿಗೆ ಬರುತ್ತದೆ. ಇಲ್ಲಿ ಕೆಳಗಿರುವುದು ಗಾಳಿ! ಅಡಿಪಾಯ ಅಂತೂ ಬೇರೆಯದೇ ವಸ್ತು. ನಿಜ ಹೇಳಬೇಕೆಂದರೆ ತೊಂದರೆ ನೆಲ ಅನ್ನುವ ಮಾತಿನಲ್ಲೇ ಇದೆ. ನಮಗೆ ನೆಲ ಅಂದರೆ ಭೂಮಿಯೂ ಹೌದು, ಮನೆಯೊಳಗೆ ಕಾಲಿಡುವ ಜಾಗವೂ ಹೌದು. ಎರಡರ ನಡುವೆ ಒಂದು ಪೊಳ್ಳು ಇರುತ್ತದೆ ಅನ್ನುವ ಯೋಚನೆಯೇ ಈ ಪದಕ್ಕೆ ಇಲ್ಲ. ಬೀದರ್, ಕಲಬುರಗಿ ಕಡೆಯ ಹಳೇ ಮನೆಯಲ್ಲಿ ಜಂತಿ ಮೇಲೆ ಹಲಗೆ ಬಡಿದ ಜಾಗವನ್ನು ಅಟ್ಟ, ಮಾಳಿಗೆ ಅಂದಿದ್ದಾರೆ ಹೊರತು ನೆಲ ಅಂದವರನ್ನು ನಾನು ಕೇಳಿಲ್ಲ.

ಹಾಗಾದರೆ ಫರಸಿ ಅನ್ನೋಣವೇ? ನಮ್ಮ ಕಡೆ ಬಾಯಿಗೆ ಮೊದಲು ಬರುವ ಪದ ಅದೇ. ಆದರೆ ಕಲಬುರಗಿಯಲ್ಲಿ ಫರಸಿ ಅಂದರೆ ಕಲ್ಲೇ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಸಿಗುವ ಸುಣ್ಣದ ಕಲ್ಲಿನ ಚಪ್ಪಡಿ, ಬೇಸಿಗೆಯಲ್ಲಿ ಬರಿಮೈಯಲ್ಲಿ ಮಲಗಿದರೆ ಜೀವ ತಣ್ಣಗಾಗುತ್ತದಲ್ಲ, ಅದು. ಮೂಲದಲ್ಲಿ ಮಾತ್ರ ಈ ಪದಕ್ಕೆ ಕಲ್ಲಿನ ಸಂಬಂಧವೇ ಇಲ್ಲ ಅನ್ನುವುದು ಮಜಾ. ಅರಬ್ಬಿಯ ಫರ್ಶ್ ಅಂದರೆ ಹರಡಿದ್ದು, ಹಾಸಿದ್ದು. ಪಾರಸಿ, ಉರ್ದು ಹಾದು ನಮ್ಮಲ್ಲಿಗೆ ಬರುವಷ್ಟರಲ್ಲಿ ನಮ್ಮ ಊರಿನ ಕಲ್ಲು ಅದರೊಳಗೆ ಹೊಕ್ಕಿದೆ. ಅಂದರೆ ಫರ್ಶ್‌ಗೆ ಸರಿಯಾದ ಕನ್ನಡ ಹಾಸು. ಹಾಸುಗಲ್ಲು ಅನ್ನುವುದರಲ್ಲೂ ಅದೇ ಹಾಸು ಇದೆ. ಇದು ಹೊಳೆದ ಮೇಲೆ ನನಗೆ ಸ್ವಲ್ಪ ದಾರಿ ಕಂಡಿತು. ನೆಲ ಅನ್ನುವುದನ್ನು ಬಿಟ್ಟು, ಎಲ್ಲವನ್ನೂ ಹಾಸು ಮತ್ತು ಹಲಗೆ ಅನ್ನುವ ಎರಡು ಮಾತಿನಲ್ಲೇ ಕಟ್ಟಿದರೆ ಹೇಗೆ?

ಹೀಗೆ: ತೊಲೆಗಿಂತ ಸಣ್ಣ ಆಸರೆಯ ಮರ ಜಂತಿ, ಇದರಲ್ಲಿ ಚರ್ಚೆಯೇ ಬೇಡ. ಜಂತಿಯ ಮೇಲೆ ಬಡಿದದ್ದು ಅಡಿಹಲಗೆ. ಅದರ ಮೇಲೆ ಬರುವ ಮೆತ್ತನೆಯದು, ಅಂದರೆ ಅಂಡರ್‌ಲೇ, ಅಡಿಹಾಸು. ಎಲ್ಲಕ್ಕಿಂತ ಮೇಲಿನ ಲ್ಯಾಮಿನೇಟ್ ಮೇಲ್ಹಾಸು. ಓದೋಕೆ ಚೆನ್ನಾಗಿದೆ ಅಲ್ವಾ? ಆದರೆ ಅಡಿಹಲಗೆ, ಅಡಿಹಾಸು ಎರಡೂ ಒಂದೇ ತರಹ ಕೇಳಿಸುತ್ತವೆ. ಕೆಲಸದ ಗಡಿಬಿಡಿಯಲ್ಲಿ, ಕೈಯಲ್ಲಿ ಬ್ಲೇಡು ಹಿಡಿದವನಿಗೆ ಅಡಿಹಾಸು ಕೊಯ್ಯಿ ಅಂದರೆ ಅವನು ಏನನ್ನು ಕೊಯ್ಯುತ್ತಾನೋ. ಇನ್ನೊಂದು ವಿಷಯ, ನಮ್ಮ ಕಡೆ ಹಲಗಿ ಅಂದರೆ ಬಾರಿಸುವ ವಾದ್ಯವೂ ಹೌದು. ಇದು ಅಡ್ಡಿಯೇನಲ್ಲ, ಒಂದು ರೀತಿ ಸರಿಯಾಗೇ ಇದೆ. ಕೆಳಗೆ ಪೊಳ್ಳಿರುವ ಮರದ ಮೇಲೆ ಬರೀ ಲ್ಯಾಮಿನೇಟ್ ಹಾಸಿ ನಡೆದಾಡಿದರೆ ಮೊಹರಂನಲ್ಲಿ ಹಲಗಿ ಬಾರಿಸಿದ ಹಾಗೇ ಸದ್ದು ಬರುತ್ತದೆ. ಅಡಿಹಾಸು ಬೇಕಾಗುವುದು ಆ ಸದ್ದು ನುಂಗೋಕೂ ಹೌದು.

ಎರಡನೆಯದು ಇಡೀ ಏರ್ಪಾಟಿನ ಹೆಸರು, ಅಂಡರ್‌ಫ್ಲೋರ್ ಹೀಟಿಂಗ್. ಕಂಪ್ಯೂಟರಿಗೆ ಕೇಳಿದರೆ ನೆಲದಡಿಯ ತಾಪನ ವ್ಯವಸ್ಥೆ ಅಂತ ಕೊಟ್ಟಿತು. ತಾಪ ಅಂದರೆ ನಮಗೆ ತಾಪತ್ರಯದ ವಾಸನೆ. ಶಾಖ ಅಂದರೆ ಮೊಣಕಾಲು ನೋವಿಗೆ ಕೊಡುವುದು. ಝಳ ಅಂದರೆ ಬೇಸಿಗೆ. ಬಿಸಿ ಅಂದರೆ ಚಹಾ, ನೀರು, ಮುಟ್ಟಿದರೆ ಚುರುಕ್ ಅನ್ನುವಂಥದ್ದು. ಇಲ್ಲಿ ಬೇಕಾಗಿರುವುದು ಕೆಳಗಿನಿಂದ ನಿಧಾನಕ್ಕೆ ಏರುವ, ಸುಡದ ಬೆಚ್ಚಗೆ. ಅದಕ್ಕೆ ನಮ್ಮಲ್ಲಿ ಕಾವು ಇದೆ. ಕೋಳಿ ಮೊಟ್ಟೆಗೆ ಕೊಡುವುದೂ ಕಾವೇ. ನೆಲಗಡಲೆ ಅನ್ನುವ ಹಾಗೆ ಸಂಧಿ ಮಾಡಿ ನೆಲಗಾವು ಅಂತ ಬರೆದೆ. ನನಗಂತೂ ಬಹಳ ಹಿಡಿಸಿದೆ, ಇದನ್ನು ಬಿಡು ಅಂತ ಯಾರಾದರೂ ಹೇಳಿದರೆ ಜಗಳಕ್ಕೆ ಸಿದ್ಧ.

ಆದರೆ ಕ್ರಿಯಾಪದಕ್ಕೆ ಬಂದಾಗ ಕಾಲು ಜಾರಿತು. ಹಂಚು ಕಾದದ, ರೊಟ್ಟಿ ಹಾಕು ಅಂತ ನಮ್ಮ ಮನೆಗಳಲ್ಲಿ ದಿನಾ ಹೇಳುತ್ತೇವೆ. ಅದೇ ಜಾಡಿನಲ್ಲಿ "ಸ್ವಿಚ್ ಹಾಕಿದ ಮೇಲೆ ನೆಲ ನಿಧಾನವಾಗಿ ಕಾಯುತ್ತದೆ" ಅಂತ ಬರೆದೆ. ಕಾಕಾ ಕನ್ನಡಕ ತೆಗೆದು, "ನೆಲ ಯಾರನ್ನ ಕಾಯ್ತದ ತಮ್ಮಾ?" ಅಂದರು. ಬಿಸಿಯಾಗುವ ಕಾಯು, ದಾರಿ ನೋಡುವ ಕಾಯು, ಹೊಲ ಕಾಯುವ ಕಾಯು, ಎಲ್ಲಕ್ಕೂ ಒಂದೇ ರೂಪ. ಹಂಚಿನ ವಿಷಯದಲ್ಲಿ ಗೊಂದಲ ಆಗುವುದಿಲ್ಲ, ಯಾಕೆಂದರೆ ಹಂಚು ಕಾಯುವುದು ಎಲ್ಲರೂ ಕಂಡ ಸಂಗತಿ. ನೆಲ ಕಾಯುವುದನ್ನು ಕಂಡವರಿಲ್ಲ. ಈಗ ಕಾವೇರುತ್ತದೆ ಅಂತ ತಿದ್ದಿದ್ದೇನೆ. ಭಾಷಣ, ಚುನಾವಣೆ ಕಾವೇರುವ ಹಾಗೆ ಕೇಳಿಸಿದರೂ ಪರವಾಗಿಲ್ಲ.

ಇಲ್ಲಿ ಒಂದು ಅಡ್ಡಮಾತು. ನೆಲಕ್ಕೆ ಕಾವು ಕೊಡುವುದು ನಮಗೆ ಹೊಸದಾಗಿ ಕಾಣುತ್ತದೆ, ಆದರೆ ಲೋಕಕ್ಕೆ ಬಹಳ ಹಳೆಯದು. ರೋಮನ್ನರು ಸ್ನಾನದ ಮನೆಯ ನೆಲವನ್ನು ಸಣ್ಣ ಕಂಬಗಳ ಮೇಲೆ ಎತ್ತಿ, ಕೆಳಗೆ ಬಿಸಿ ಗಾಳಿ ಹಾಯಿಸುತ್ತಿದ್ದರು. ಕೊರಿಯಾದವರು ಒಲೆಯ ಹೊಗೆಯನ್ನು ಕೋಣೆಯ ಕಲ್ಲುಹಾಸಿನ ಕೆಳಗೆ ಹರಿಸಿ, ಆ ಕಲ್ಲಿನ ಮೇಲೇ ಮಲಗುತ್ತಿದ್ದರು. ಅದನ್ನು ಒಂದೋಲ್ ಅನ್ನುತ್ತಾರೆ. ರೋಮನ್ನರ ಆ ಜಾಣತನವೇ ಮುಂದೆ ಹಮ್ಮಾಮುಗಳಿಗೂ, ಅಂದರೆ ಮುಸ್ಲಿಂ ನಾಡುಗಳ ಬಿಸಿನೀರಿನ ಸ್ನಾನದ ಮನೆಗಳಿಗೂ, ಬಂತು. ಬೀದರ್ ಕೋಟೆಗೆ ಹೋದವರು ಅಲ್ಲಿನ ವಸ್ತುಸಂಗ್ರಹಾಲಯ ನೋಡಿರುತ್ತೀರಿ, ಆ ಕಟ್ಟಡ ಹಿಂದೆ ಅರಮನೆಯ ಹಮ್ಮಾಮ್ ಆಗಿತ್ತು. ಕಾಕಾಗೆ ಕೊರಿಯಾದ ಸಂಗತಿ ಹೇಳಿದಾಗ ಮಾತ್ರ ಮುಖ ಅರಳಿತು. ಕಲ್ಲು ಬಂತಲ್ಲ.

ಉಳಿದ ಪದಗಳು ಬೇಗ ಬೇಗ ಹೇಳಿಬಿಡುತ್ತೇನೆ. ಲ್ಯಾಮಿನೇಟ್ ಅನ್ನು ಹಾಗೇ ಇಡಬೇಕು ಅನ್ನಿಸುತ್ತದೆ, ಆದರೆ ಒಂದು ಎಚ್ಚರಿಕೆ: ನಮ್ಮೂರಿನಲ್ಲಿ ಲ್ಯಾಮಿನೇಶನ್ ಅಂದರೆ ಆಧಾರ್ ಕಾರ್ಡಿಗೆ ಪ್ಲಾಸ್ಟಿಕ್ ಹಚ್ಚಿಸುವುದು, ಬಡಗಿಯ ಹತ್ತಿರ ಕೇಳಿದರೆ ಸನ್‌ಮೈಕಾ. ಅದಕ್ಕೆ ಒಮ್ಮೆ ವಿವರಿಸಿದ್ದೇನೆ, ಒತ್ತಿ ಗಟ್ಟಿ ಮಾಡಿದ ಮರದ ಪುಡಿಯ ಹಲಗೆ, ಅದರ ಮೇಲೆ ಮರದ ಚಿತ್ರದ ಕಾಗದ, ಅದರ ಮೇಲೆ ಸವೆಯದ ಲೇಪ, ಅಂಚಿನಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುವ ಕಚ್ಚು. ಮೊಳೆ ಇಲ್ಲ, ಗೋಂದು ಇಲ್ಲ. ಅದನ್ನೇ ಫ್ಲೋಟಿಂಗ್ ಫ್ಲೋರ್ ಅನ್ನುತ್ತಾರೆ. ತೇಲುವ ನೆಲ ಅಂತ ಬರೆಯೋಕೆ ನನಗೆ ಧೈರ್ಯ ಸಾಲಲಿಲ್ಲ, ನೀರು ನುಗ್ಗಿದೆ ಅಂದುಕೊಳ್ಳುತ್ತಾರೆ. ಬಿಡಿಹಾಸು ಅಂದಿದ್ದೇನೆ.

ಎಕ್ಸ್‌ಪ್ಯಾನ್ಶನ್ ಗ್ಯಾಪ್ ಸುಲಭವಾಗಿ ಸಿಕ್ಕಿತು, ಹಿಗ್ಗುಸಂದು. ಕಾವಿಗೆ ಮತ್ತು ಹವೆಯ ತೇವಕ್ಕೆ ಹಲಗೆ ಹಿಗ್ಗುತ್ತದೆ, ಆದ್ದರಿಂದ ಗೋಡೆಯುದ್ದಕ್ಕೂ 8ರಿಂದ 10 ಮಿಲಿಮೀಟರ್ ಬಿಡಬೇಕು. ಬಿಡದಿದ್ದರೆ ಹಿಗ್ಗಿ ಹೀರೇಕಾಯಿ ಆಗಿ ನಡುವೆ ಉಬ್ಬಿ ನಿಲ್ಲುತ್ತದೆ. ಲ್ಯಾಮಿನೇಟಿನ ಪೆಟ್ಟಿಗೆಗಳನ್ನು ಒಡೆಯದೆ 48 ಗಂಟೆ ಅದೇ ಕೋಣೆಯಲ್ಲಿ ಮಲಗಿಸಿಡುವುದಕ್ಕೆ ಒಗ್ಗಿಸುವುದು ಅಂದರೆ ಸಾಕಲ್ಲವೇ, ಬೇರೆ ಪದ ಹುಡುಕುವುದು ಸುಮ್ನೆ ಕೆಲಸ. ಮಟ್ಟ ನೋಡುವ ಸಾಧನಕ್ಕೆ ರಸಮಟ್ಟ ಇದ್ದೇ ಇದೆ. ಹೀಟಿಂಗ್ ಮ್ಯಾಟ್‌ಗೆ ಕಾವುಚಾಪೆ. ಚಾಪೆ ತಿರುಗಿಸಬೇಕಾದಾಗ ಫಾಯಿಲ್ ಕತ್ತರಿಸಬಹುದು, ತಂತಿ ಯಾವ ಕಾರಣಕ್ಕೂ ಕತ್ತರಿಸಬಾರದು, ತಂತಿಯ ಮೇಲೆ ತಂತಿ ಬರಲೂ ಬಾರದು. ಈ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ. ಚಾಪೆಯಿಂದ ಥರ್ಮೋಸ್ಟಾಟಿಗೆ ಹೋಗುವ ವೈರಿಗೆ ಕೋಲ್ಡ್ ಟೇಲ್ ಅನ್ನುತ್ತಾರೆ, ಅದಕ್ಕೆ ತಣ್ಣನೆ ಬಾಲ ಅಂತ ಕಂಪ್ಯೂಟರು ಹೇಳಿತು. ಬಿಸಿಯಾಗದ ವೈರು ಅಂತ ಬರೆದು ಮುಂದೆ ಹೋದೆ. ಥರ್ಮೋಸ್ಟಾಟ್ ಹಾಗೇ ಇರಲಿ, ಇಸ್ತ್ರಿ ಪೆಟ್ಟಿಗೆ, ಗೀಸರ್ ರಿಪೇರಿಯಿಂದ ಎಲ್ಲರಿಗೂ ಗೊತ್ತು. ಕರೆಂಟು ಸೋರಿದರೆ ತಟ್ಟನೆ ಕಡಿಯುವ ಸ್ವಿಚ್ಚಿಗೆ ಅಲ್ಲಿನವರು ಆರ್‌ಸಿಡಿ ಅನ್ನುತ್ತಾರೆ. ಅದನ್ನೂ ಮುಟ್ಟಿಲ್ಲ, ಅಲ್ಲಿ ಅಂಗಡಿಯಲ್ಲಿ ಕೇಳಬೇಕಾದ ಹೆಸರು ಅದೇ.

ಟಾಗ್ ಅನ್ನುವ ಅಳತೆ ಒಂದು ಮಜವಾಗಿದೆ. ಹೊದಿಕೆ ಎಷ್ಟು ಕಾವು ತಡೆಯುತ್ತದೆ ಅನ್ನುವ ಬ್ರಿಟಿಷರ ಲೆಕ್ಕ ಅದು. ಅಂಗಡಿಯಲ್ಲಿ ರಜಾಯಿ ಮಾರುವಾಗಲೂ ಅದನ್ನೇ ಬರೆದಿರುತ್ತಾರೆ, ಚಳಿಗಾಲದ್ದಾದರೆ 13.5 ಟಾಗ್ ಹೀಗೆ. ಕಾವುಚಾಪೆಯ ಮೇಲೆ ಬರುವ ಹಾಸೆಲ್ಲ ಸೇರಿ 1.5 ಟಾಗ್ ಒಳಗಿರಬೇಕು ಅನ್ನುವುದು ಕೈಪಿಡಿಯ ಮಾತು. ಇಲ್ಲದಿದ್ದರೆ ನೆಲಕ್ಕೆ ಕೌದಿ ಹೊದಿಸಿದ ಹಾಗೆ ಆಗಿ ಕಾವು ಕೆಳಗೇ ಉಳಿಯುತ್ತದೆ. ದಪ್ಪ ಜಮಖಾನೆ ಹಾಸಬೇಡಿ, ಕಾಲಿಲ್ಲದ ಕಪಾಟು ಇಡಬೇಡಿ ಅನ್ನುವುದೂ ಇದಕ್ಕೇ. ಟಾಗ್ ಅನ್ನು ಡಿಗ್ರಿ, ವ್ಯಾಟ್ ತರಹ ಹಾಗೇ ಬಿಟ್ಟಿದ್ದೇನೆ.

ಡಿಗ್ರಿ ಅಂದಾಗ ನೆನಪಾಯಿತು. ಲ್ಯಾಮಿನೇಟಿನ ಮೇಲ್ಮೈ 27 ಡಿಗ್ರಿ ದಾಟಬಾರದು ಅಂತ ಇದೆ. ಮೇ ತಿಂಗಳಲ್ಲಿ 40 ದಾಟುವ ಊರಿನವರಿಗೆ ಇದನ್ನು ಬಿಸಿ ಅಂತ ನಂಬಿಸುವುದು ಹೇಗೆ? ಕಾಕಾ ಕೇಳಿದ್ದು ಒಂದೇ ಮಾತು: "ಇಪ್ಪತ್ತೇಳಕ್ಕ ಇಷ್ಟೆಲ್ಲಾ ಖರ್ಚೇನು?"

ಈಗ ಕೊನೆಗೆ, ನಿಮ್ಮಿಂದ ಬೇಕಾಗಿರುವುದು. ನಮ್ಮ ಮಣ್ಣಿನ ಮಾಳಿಗೆ ಮನೆಗಳನ್ನು ನೆನೆಸಿಕೊಳ್ಳಿ. ಜಂತಿ ಇರುತ್ತದೆ, ಮೇಲೆ ಮಣ್ಣು ಇರುತ್ತದೆ, ನಡುವೆ ಮಣ್ಣು ಉದುರದ ಹಾಗೆ ಹಲಗೆಯೋ ಕಟ್ಟಿಗೆಯ ಪಟ್ಟಿಯೋ ಒತ್ತೊತ್ತಾಗಿ ಹಾಸಿರುತ್ತಾರೆ. ಕೆಲಸದ ದೃಷ್ಟಿಯಿಂದ ನೋಡಿದರೆ ಅದೇ ಸಬ್‌ಫ್ಲೋರ್! ಭಾರ ಹೊತ್ತು ಜಂತಿಗೆ ಹಂಚುವುದು, ಮೇಲಿನದಕ್ಕೆ ಮಟ್ಟ ಕೊಡುವುದು, ಎರಡೂ ಅದರದೇ ಕೆಲಸ. ಕಾಕಾ ಅದನ್ನು ಬರೀ "ಜಂತಿ ಮ್ಯಾಲಿನ ಹಲಗಿ" ಅನ್ನುತ್ತಾರೆ, ಅವರು ಕಲ್ಲಿನವರು, ಮರದ ಕೆಲಸದವರಲ್ಲ. ಆದರೆ ಬಡಿಗೇರ ಮನೆತನಗಳಲ್ಲಿ ಆ ಪದರಕ್ಕೆ ಒಂದೇ ಮಾತಿನ ಹೆಸರು ಇದ್ದೇ ಇರಬೇಕು. ಆಳಂದ, ಚಿಂಚೋಳಿ, ಹುಮನಾಬಾದ್, ಭಾಲ್ಕಿ, ಶಹಾಪುರ, ಸುರಪುರ ಕಡೆಯವರು ಮನೆಯ ಹಿರಿಯರನ್ನು, ಊರಿನ ಬಡಗಿಯನ್ನು ಕೇಳಿ ಹೇಳುತ್ತೀರಾ? ಉಚ್ಚಾರಣೆ ಹೇಗಿದೆಯೋ ಹಾಗೇ ಬರೆಯಿರಿ, ಶಿಷ್ಟ ಮಾಡೋಕೆ ಹೋಗಬೇಡಿ. ಅದು ಸಿಗುವ ತನಕ ಕೈಪಿಡಿಯಲ್ಲಿ ಅಡಿಹಲಗೆ ಅಂತಲೇ ಇರುತ್ತದೆ, ಸಿಕ್ಕ ದಿನ ತೆಗೆದು ಅದನ್ನೇ ಹಾಕುತ್ತೇನೆ.