ಯುದ್ಧದಲ್ಲಿ ಸಾಯದ ನೇವಿ ಆಫೀಸರ್ ಬಗ್ಗೆ ಮಗಳ ಭಾಷಣ, ಏನ್ ಹೇಳ್ಲಿ?

ಹಾಸನದ ಅಪ್ಪ:
ಮಗಳು ಎಂಟನೇ ಕ್ಲಾಸು, ಇಲ್ಲೇ ಹಾಸನದಲ್ಲಿ. ಡಿಸೆಂಬರ್ 4 ನೌಕಾಪಡೆ ದಿನಕ್ಕೆ ಮೂರು ನಿಮಿಷ ಮಾತಾಡ್ಬೇಕಂತೆ, ಅವಳೇ ಲೆಫ್ಟಿನೆಂಟ್ ಕಿರಣ್ ಶೇಖಾವತ್ ಅವ್ರನ್ನ ಆರಿಸ್ಕೊಂಡಿದ್ದಾಳೆ, 2015ರಲ್ಲಿ ಗೋವಾ ಹತ್ರ ಡಾರ್ನಿಯರ್ ವಿಮಾನ ಸಮುದ್ರಕ್ಕೆ ಬಿದ್ದು ತೀರ್ಕೊಂಡ್ರಲ್ಲ ಅವ್ರು. "ದಿಟ್ಟ ಮಹಿಳಾ ಪೈಲಟ್" ಅಂತ ಶುರು ಮಾಡಿದ್ಲು. ನಮ್ಮಪ್ಪ ಕೇಳಿಸ್ಕೊಂಡು, ಯುದ್ಧನೇ ನಡೀಲಿಲ್ಲ, ಆಕ್ಸಿಡೆಂಟು, ಅದು ವೀರಮರಣ ಹೆಂಗಾಯ್ತದೆ ಅಂದ್ಬಿಟ್ರು. ಹುಡುಗಿ ಪೇಪರ್ ಮಡಚಿಟ್ಟು ಕೂತವ್ಳೆ.

ಮಲ್ನಾಡ್ ಮಳೆ:
ಅಜ್ಜ ಹೇಳಿದ್ರಲ್ಲೂ ತಪ್ಪಿಲ್ಲ ಗುರು, ಈಗ ಎಲ್ಲಾದಕ್ಕೂ ವೀರ ವೀರ ಅಂತ ಫ್ಲೆಕ್ಸ್ ಹಾಕಿ ಹಾಕಿ ಆ ಪದಕ್ಕೇ ಬೆಲೆ ಇಲ್ದಂಗಾಗಿದೆ. ಆಮೇಲೆ ಅವ್ರು ಪೈಲಟ್ ಅಲ್ಲ, ಅಬ್ಸರ್ವರ್. ತಿದ್ಸಿ.

ಅರಕಲಗೂಡು ಮಾಜಿ ನೇವಿ:
ಸಾರ್, ನಾನು 15 ವರ್ಷ ನೇವಿ ವಿಮಾನಗಳ ಟೆಕ್ನಿಷಿಯನ್ ಆಗಿದ್ದು ಬಂದವ್ನು, ಈಗ ಶುಂಠಿ ಹಾಕ್ಕೊಂಡಿದೀನಿ. ಅಬ್ಸರ್ವರ್ ಅಂದ್ರೆ ಸುಮ್ನೆ ಕೂತ್ಕೊಂಡು ನೋಡೋರಲ್ಲ, ರಾಡಾರ್ ಹಿಡ್ಕೊಂಡು ಕೆಳಗಿರೋದು ಯಾವ ಹಡಗು, ಎತ್ತ ಹೋಗ್ತಿದೆ ಅಂತ ಪತ್ತೆ ಮಾಡೋರು ಅವ್ರೇ, ಪೈಲಟ್ ಓಡಿಸ್ತಾನೆ ಅಷ್ಟೇ (ಪೈಲಟ್‌ಗಳು ಬೈಕೋಬೇಡಿ). ಅವತ್ತು ಮಾರ್ಚ್ 24, ರಾತ್ರಿ ಟ್ರೈನಿಂಗ್ ಹಾರಾಟ, ಒಳಗೆ ಮೂರೇ ಜನ. ಕಮಾಂಡರ್ ಜೋಶಿ ಅವ್ರನ್ನ ಮೀನುಗಾರ್ರು ದೋಣಿಗೆ ಎಳ್ಕೊಂಡು ಉಳಿಸಿದ್ರು, ಲೆಫ್ಟಿನೆಂಟ್ ಅಭಿನವ್ ನಾಗೋರಿನೂ ಕಿರಣ್ ಮೇಡಮ್ಮೂ ಉಳೀಲಿಲ್ಲ. ಫೈಟರ್ ತರ ಡಾರ್ನಿಯರಲ್ಲಿ ಸೀಟ್ ಸಮೇತ ಆಚೆ ಹಾರೋ ವ್ಯವಸ್ಥೆ ಇರಲ್ಲ. ಮೇಡಮ್ಮು ಅದೇ ವರ್ಷ ಜನವರಿ 26ಕ್ಕೆ ದೆಹಲಿ ಪರೇಡಲ್ಲಿ ನೇವಿ ಹೆಣ್ಮಕ್ಕಳ ತುಕಡಿ ಜೊತೆ ನಡೆದಿದ್ರು, ಎರಡು ತಿಂಗಳಿಗೆ ಇಲ್ಲ. ಡ್ಯೂಟಿಲಿದ್ದಾಗ ಪ್ರಾಣ ಹೋದ ನೇವಿಯ ಮೊದಲನೇ ಮಹಿಳಾ ಆಫೀಸರ್.

ಅಜ್ಜನಿಗೆ ಹೇಳಿ, ಕತ್ತಲಲ್ಲಿ ಸಮುದ್ರದ್ಮೇಲೆ ಹಾರೋದನ್ನ ಯುದ್ಧ ಶುರುವಾದ್ಮೇಲೆ ಕಲಿಯಕ್ಕಾಗಲ್ಲ. 2020ರ ನವೆಂಬರ್ 26ಕ್ಕೆ ಬಿದ್ದ ಮಿಗ್-29ಕೆ ಫೈಟರ್ ವಿಮಾನನೂ ಟ್ರೈನಿಂಗಲ್ಲೇ ಇದ್ದದ್ದು, ಕಲಿಯೋ ಹುಡುಗ ಉಳ್ಕೊಂಡ, ಕಲಿಸ್ತಿದ್ದ ಕಮಾಂಡರ್ ನಿಶಾಂತ್ ಸಿಂಗ್ ದೇಹ ಸಿಕ್ಕಿದ್ದು 11 ದಿನ ಆದ್ಮೇಲೆ.

ನಾನಿದ್ದಾಗ್ಲೂ ಒಂದು ಬಿತ್ತು, ಯಾವ್ದು ಅಂತ ಬರ್ಯಲ್ಲ. ಸಾಹೇಬ್ರ ಸ್ಕೂಟರ್ ಹ್ಯಾಂಗರ್ ಪಕ್ಕ ಸ್ಟ್ಯಾಂಡ್ ಹಾಕಿದಂಗೇ ನಿಂತಿತ್ತು, ಕನ್ನಡಿಗೆ ಹೆಲ್ಮೆಟ್ ಸಿಕ್ಕಿಸಿ. ತೆಗೀರಿ ಅಂತ ಯಾರೂ ಅನ್ಲಿಲ್ಲ, ಯಾರೂ ಮುಟ್ಲೂ ಇಲ್ಲ. ಮಳೆ ಬಂದ ದಿನ ಮಾತ್ರ ನಮ್ಮ ಹುಡುಗ ಒಬ್ಬ ಹೋಗಿ ಸೀಟಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ ಬಂದ.

ಹಾಸನದ ಅಪ್ಪ:
ಅಪ್ಪನಿಗೆ ಓದಿ ಹೇಳ್ದೆ ಸಾರ್. ಸ್ವಲ್ಪ ಹೊತ್ತು ಸುಮ್ನಿದ್ದು, ಆ ಮೀನುಗಾರ್ರ ವಿಷಯನೂ ಸೇರಿಸ್ಕೊಳೆ ಅಂದ್ರು ಮೊಮ್ಮಗಳಿಗೆ. ಪೈಲಟ್ ಅಂತಿದ್ದದ್ದು ಹೊಡೆದಾಕಿ ಅಬ್ಸರ್ವರ್ ಅಂತ ಬರ್ದಿದ್ದಾಳೆ, ಈಗ ಮೂರು ನಿಮಿಷ ಸಾಲಲ್ವಂತೆ.