ತೋಟದ ಕಿರು ಜಲವಿದ್ಯುತ್ ಘಟಕದಲ್ಲಿ ಮೀನುಗಳನ್ನು ಉಳಿಸುವುದು ಹೇಗೆ?

ಪ್ರಶ್ನೆ – ಅಡಿಕೆ ಕೃಷಿಕ, ಮುಳ್ಳೇರಿಯ
ಪಯಸ್ವಿನಿ ಹೊಳೆಯನ್ನು ಸೇರುವ ತೋಡಿಗೆ ಕಲ್ಲಿನ ಕಟ್ಟ ಕಟ್ಟಿ, ಸೆಕೆಂಡಿಗೆ ಸುಮಾರು 20 ಲೀಟರ್ ನೀರನ್ನು ಪೈಪಿನಲ್ಲಿ 18 ಮೀಟರ್ ಕೆಳಗಿಳಿಸಿ, ಮನೆಗೆ ಬೇಕಾದ ಎರಡು ಕಿಲೋವಾಟ್ ವಿದ್ಯುತ್ ಪಡೆಯುತ್ತಿದ್ದೇನೆ. ಕಳೆದ ಆಟಿಯಲ್ಲಿ (ಜೋರು ಮಳೆಯ ತುಳು ತಿಂಗಳು) ಟರ್ಬೈನಿನಿಂದ ಹೊರಬೀಳುವ ನೀರಿನಲ್ಲಿ ತುಂಡಾದ ಮೀನುಮರಿಗಳನ್ನು ಕಂಡಂದಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಪೈಪಿನ ಬಾಯಿಯಲ್ಲಿ ಒಂದು ಅಂಗುಲ ಸಂದಿನ ಜಾಲರಿಯಿದೆ. ಯಂತ್ರ ಒದಗಿಸಿದವರು ಅಷ್ಟು ಸಾಕೆಂದಿದ್ದರು. ಟರ್ಬೈನನ್ನೇ ಬದಲಿಸಬೇಕೇ?

ಉತ್ತರ 1
ನಿಧಾನವಾಗಿ ತಿರುಗುವ ಆರ್ಕಿಮಿಡೀಸ್ ತಿರುಪು ಎಂಬ ಬಗೆಯ ಟರ್ಬೈನ್ ಮೀನುಗಳನ್ನು ಹೆಚ್ಚಾಗಿ ಜೀವಂತವಾಗಿಯೇ ಕೆಳಗಿಳಿಸುತ್ತದೆಯಾದರೂ, ಅದು ಹತ್ತು ಮೀಟರಿನೊಳಗಿನ ಇಳಿತಕ್ಕೂ ಧಾರಾಳ ನೀರಿಗೂ ಹೊಂದುವಂಥದ್ದು. ನಿಮ್ಮ ಇಳಿತಕ್ಕೆ ಪೆಲ್ಟನ್ ಅಥವಾ ಕ್ರಾಸ್‌ಫ್ಲೋ ಯಂತ್ರವೇ ಬೇಕು. ಅವುಗಳೊಳಗೆ ಹೊಕ್ಕ ಮೀನು ಬದುಕುವುದು ಕಷ್ಟ. ಆದ್ದರಿಂದ ಮೀನು ಪೈಪಿಗೆ ಹೋಗದಂತೆ ತಡೆಯುವುದೊಂದೇ ದಾರಿ.

ಸಂದನ್ನು 3 ಮಿಲಿಮೀಟರಿಗೆ ಇಳಿಸಿ. ಆದರೆ ಸಂದು ಕಿರಿದಾದರೆ ಸಾಲದು, ಜಾಲರಿ ದೊಡ್ಡದಾಗಬೇಕು: ನೀರಿನ ಸೆಳೆತ ಜೋರಾಗಿದ್ದರೆ ಮರಿಗಳು ಈಜಲಾರದೆ ಜಾಲರಿಗೆ ಅಂಟಿಕೊಂಡು ಸಾಯುತ್ತವೆ. ಸೆಕೆಂಡಿಗೆ 20 ಲೀಟರ್ ನೀರು 0.2 ಚದರ ಮೀಟರ್ ಜಾಲರಿಯ ಮೇಲೆ ಹರಡಿ ಬಂದರೆ ಅದರ ವೇಗ ಸೆಕೆಂಡಿಗೆ 10 ಸೆಂಟಿಮೀಟರ್. ನಾನಾದರೆ ಇದರ ಇಮ್ಮಡಿ ಗಾತ್ರದ್ದನ್ನು ಹಾಕುತ್ತಿದ್ದೆ, ಏಕೆಂದರೆ ಎಲೆ ಕಟ್ಟಿಕೊಂಡಾಗ ಅರ್ಧ ಜಾಗ ಮುಚ್ಚಿಹೋಗುತ್ತದೆ. ಜಾಲರಿಯನ್ನು ಹರಿವಿಗೆ ಅಡ್ಡವಾಗಿ ನಿಲ್ಲಿಸದೆ ಓರೆಯಾಗಿಟ್ಟು, ಅದರ ಕೆಳತುದಿಯಲ್ಲಿ ತೋಡಿಗೆ ಮರಳುವ ಕಣಿಯೊಂದನ್ನು ಬಿಟ್ಟರೆ ಮೀನೂ ಕಸವೂ ಅತ್ತ ಜಾರುತ್ತವೆ.

ಉತ್ತರ 2
ಮೇಲಿನವರ ಮಾತು ಸರಿಯೇ. ಆದರೆ ಕಟ್ಟವನ್ನೂ ಮರೆಯಬಾರದು. ಮೊದಲ ಮಳೆಗೆ ಮೀನುಗಳು ಮೊಟ್ಟೆಯಿಡಲು ಮೇಲೇರುವುದನ್ನು ನಾವು ಉಬರ್ ಎನ್ನುತ್ತೇವೆ, ಮಲಯಾಳದಲ್ಲಿ ಊತ್ತ ಎನ್ನುತ್ತಾರೆ; ಆ ಹೊತ್ತಿನಲ್ಲಿ ಕಟ್ಟದ ಒಂದು ಬದಿಯಲ್ಲಿ ಒರಟು ಕಲ್ಲುಗಳನ್ನು ಇಳಿಜಾರಾಗಿ ಜೋಡಿಸಿ ನೀರು ಹರಿಯಬಿಟ್ಟರೆ ಅವು ಹತ್ತಿಹೋಗುತ್ತವೆ. ಹಾವುಮೀನಿನ ದಾರಿ ಇದಕ್ಕೆ ತಿರುಗುಮುರುಗು: ಅದು ಹೊಳೆಯಲ್ಲಿ ಬೆಳೆದು, ಮೊಟ್ಟೆಯಿಡಲು ಸಮುದ್ರಕ್ಕೆ ಇಳಿಯುತ್ತದೆ. ನೆರೆಯ ಕತ್ತಲ ರಾತ್ರಿಗಳಲ್ಲಿ ಅದರ ಇಳಿಯಾಟ ಹೆಚ್ಚಾದ್ದರಿಂದ ಆಗ ಯಂತ್ರ ನಿಲ್ಲಿಸುವುದು ಒಳ್ಳೆಯದು. ಬೇಸಗೆ ಹತ್ತಿರವಾದಂತೆ ತೋಡಿನ ನೀರನ್ನೆಲ್ಲ ಪೈಪಿಗೆ ತಿರುಗಿಸಿ ಹೊಂಡಗಳನ್ನು ಒಣಗಿಸಬೇಡಿ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಕೃತಜ್ಞತೆಗಳು. ಪತ್ತನಾಜೆಯೊಳಗೆ (ಮಳೆಗಾಲಕ್ಕೆ ಮುಂಚೆ, ಮೇ ಕೊನೆಯ ಹೊತ್ತಿಗೆ ಬರುವ ತುಳುವರ ದಿನ) ಪೈಪಿನ ಬಾಯಿಯ ತೊಟ್ಟಿಯನ್ನು ಅಗಲಿಸಿ ಹೊಸ ಜಾಲರಿ ಕೂರಿಸುತ್ತೇನೆ. ಕಣಿಯ ಹೊರಬಾಯಿ ಬಂಡೆಯ ಮೇಲಲ್ಲದೆ ಆಳವಾದ ಹೊಂಡಕ್ಕೇ ಬೀಳುವಂತೆ ನೋಡಿಕೊಳ್ಳುತ್ತೇನೆ.